ಚಾಲು ಅಂದರೆ ಸಾಕು

ಮೊದಲೇ ಹೇಳಿಬಿಡುತ್ತೇನೆ. ನಾನು ದೆವ್ವ ಭೂತ ನಂಬುವವಳಲ್ಲ. ಇದನ್ನು ಓದಿ ನೀವು ನಂಬಲೇಬೇಕು ಅನ್ನುವ ಹಟವೂ ನನಗಿಲ್ಲ. ಆದರೆ ನಡೆದದ್ದು ನಡೆದದ್ದೇ. ನಿದ್ದೆಗಣ್ಣಲ್ಲಿ ಕನಸು ಕಂಡಿರಬೇಕು ಅಂದವರ ಜೊತೆ, ರಾಸಾಯನಿಕದ ವಾಸನೆಗೆ ತಲೆ ತಿರುಗಿರಬೇಕು ಅಂದವರ ಜೊತೆ ವಾದ ಮಾಡಿ ಮಾಡಿ ನನ್ನ ಗಂಟಲು ಒಣಗಿದೆ. ಅದಕ್ಕೇ ಈ ಸಲ ಬರೆದು ಹೇಳುತ್ತಿದ್ದೇನೆ. ಕಾಗದದ ಮೇಲೆ ನನ್ನ ಮಾತಿಗೆ ನಡುವೆ ಯಾರೂ ಬಾಯಿ ಹಾಕುವಂತಿಲ್ಲ.

ದೆವ್ವದ ವಿಷಯದಲ್ಲಿ ಮಾತಾಡಲು ನನಗೆ ಒಂದಿಷ್ಟು ಅಧಿಕಾರವೂ ಇದೆ. ಸುಡುಗಾಡಿನ ಕಡೆ, ಕೆರೆಯ ಕೆಸರಿನ ಮೇಲೆ, ರಾತ್ರಿ ಬೆಂಕಿ ಕುಣಿಯುತ್ತದೆ, ಅದು ಕೊಳ್ಳಿದೆವ್ವ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ದೆವ್ವವೂ ಇಲ್ಲ ಗಿವ್ವವೂ ಇಲ್ಲ, ಕೊಳೆತದ್ದರಿಂದ ಏಳುವ ಫಾಸ್ಫೀನ್ ಅನ್ನುವ ಅನಿಲ ಗಾಳಿ ತಗುಲಿ ಹತ್ತಿಕೊಳ್ಳುತ್ತದೆ ಅಂತ ಶಾಲೆಯ ಮೇಷ್ಟ್ರು ಹೇಳಿದರು. ಮುಂದೆ ನಾನು ಕಲಿತು ಹೊಟ್ಟೆಪಾಡಿಗೆ ಹಿಡಿದ ಕೆಲಸ ಯಾವುದು ಗೊತ್ತೇ? ಆ ಫಾಸ್ಫೀನಿನ ಬಂಧುಬಳಗವನ್ನು ಗಾಜಿನ ಬುರುಡೆಯೊಳಗೆ ತಯಾರು ಮಾಡುವುದು. ಕೊಳ್ಳಿದೆವ್ವದ ಬೀಗರನ್ನು ಸಂಬಳಕ್ಕೆ ಸಾಕುವವಳು ನಾನು. ಅಂಥವಳನ್ನು ಹೆದರಿಸುವುದು ಸುಲಭವಲ್ಲ.

ನನ್ನ ಹೆಸರು ಮಹಾದೇವಿ. ಊರು ನಾರಾಯಣಪೇಟೆ, ರಾಯಚೂರಿನ ಗಡಿಯಾಚೆ ತೆಲುಗು ಸೀಮೆಯಲ್ಲಿ. ಮನೆಯಲ್ಲಿ ಮಗ್ಗ, ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುವ ಹಂಡೆ. ಬಣ್ಣ ಹಾಕುವುದು ನಮ್ಮವ್ವನ ಕೆಲಸ. "ಹಂಡೆ ಮುಂದ ಕುಂತಾಕಿ ನೂಲು ಹೊರಗ ಬರೋ ತನಕ ಏಳಬಾರದು, ಮನ್ಯಾಗ ಯಾರ ಕರದ್ರೂ ಏಳಬಾರದು" ಅನ್ನುವುದು ಅವಳ ಕಟ್ಟುನಿಟ್ಟು. ಒಂದು ಗಳಿಗೆ ಎದ್ದು ಹೋದರೂ ಬಣ್ಣ ಒಂದು ಕಡೆ ಗಾಢ, ಒಂದು ಕಡೆ ತೆಳು. ನನಗೆ ರಸಾಯನಶಾಸ್ತ್ರ ಕಲಿಸಿದ ಮೊದಲ ಗುರು ಅವಳೇ, ಆ ಮಾತು ಹೇಳಿದರೆ ಅವಳು ನಗುತ್ತಾಳೆ.

ನಮ್ಮ ಲ್ಯಾಬು ಇರುವುದು ಮಕ್ತಲ್ ಊರಾಚೆ, ಮುಚ್ಚಿಹೋದ ಒಂದು ಶೇಂಗಾ ಎಣ್ಣೆ ಮಿಲ್ಲಿನ ಶೆಡ್ಡಿನಲ್ಲಿ. ಸುತ್ತ ಹೊಲ. ಮಳೆ ಬಂದರೆ ಗೋಡೆಯಿಂದ ಇಂದಿಗೂ ಹಳೇ ಹಿಂಡಿಯ ವಾಸನೆ ಏಳುತ್ತದೆ. ರಾಯಚೂರಿನ ಒಬ್ಬ ನಿವೃತ್ತ ಪ್ರಾಧ್ಯಾಪಕರು ಅದನ್ನು ಬಾಡಿಗೆಗೆ ಹಿಡಿದು ಲ್ಯಾಬು ಮಾಡಿದ್ದರು. ಅವರನ್ನು ನಾವೆಲ್ಲ ಸಾರ್ ಅಂತಲೇ ಕರೆಯುವುದು.

ಅಲ್ಲಿ ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ. ಪಲ್ಲಾಡಿಯಂ ಅಂತ ಒಂದು ಲೋಹ. ಬಂಗಾರದ ಜಾತಿಯದ್ದು. ಔಷಧ ತಯಾರಿಸುವವರಿಗೆ ಅದು ಬೇಕು, ಆದರೆ ಬರಿಮೈಯಲ್ಲಿ ಬೇಡ, ಅದಕ್ಕೆ ಫಾಸ್ಫೀನಿನ ಅಂಗಿ ತೊಡಿಸಿ ಕೊಡಬೇಕು. ಒಂದು ಪಲ್ಲಾಡಿಯಂಗೆ ಎರಡು ಫಾಸ್ಫೀನು. ಅಂಗಿ ಸರಿಯಾಗಿ ಕೂತರೆ ಬುರುಡೆಯೊಳಗೆ ಹಳದಿ ಪುಡಿ ಇಳಿಯುತ್ತದೆ, ಅರಿಸಿನದ ಹಾಗೆ. ಕೆಟ್ಟರೆ ಕಪ್ಪು ಮಸಿ. ಮಸಿಯಾಯಿತೆಂದರೆ ತಿಂಗಳುಗಟ್ಟಲೆ ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕೆಡುವುದು ಹೇಗೆ? ಮುಖ್ಯವಾಗಿ ಗಾಳಿಯಿಂದ. ನಾವು ಮಾಡುತ್ತಿದ್ದ ಫಾಸ್ಫೀನಿಗೆ ಗಾಳಿ ಕಂಡರೆ ಆಗುವುದಿಲ್ಲ. ಅದಕ್ಕೇ ಬುರುಡೆಯೊಳಗೆ ಸದಾ ನೈಟ್ರೋಜನ್ ಹರಿಯುತ್ತಿರಬೇಕು. ಹರಿಯುತ್ತಿದೆಯೋ ಇಲ್ಲವೋ ತಿಳಿಯಲು ತುದಿಯಲ್ಲಿ ಎಣ್ಣೆ ತುಂಬಿದ ಒಂದು ಪುಟ್ಟ ಗಾಜಿನ ನಳಿಗೆ, ಅದಕ್ಕೆ ಬಬ್ಲರ್ ಅನ್ನುತ್ತೇವೆ. ಗುಳುಗುಳು ಗುಳ್ಳೆ ಬರುತ್ತಿದ್ದರೆ ಎಲ್ಲ ಕ್ಷೇಮ.

ಇದನ್ನೆಲ್ಲ ನನಗೆ ಕೈಹಿಡಿದು ಕಲಿಸಿದವರು ಬಾಲಯ್ಯಣ್ಣ. ಗದ್ವಾಲಿನವರು, ತೆಲುಗು ಮನೆಮಾತು. ಓದಿದ್ದು ಹತ್ತನೇ ಕ್ಲಾಸು. ಆದರೆ ಸಾರ್ ಕೂಡ ಅವರನ್ನು ಕೇಳದೆ ಒಂದು ನಲ್ಲಿ ತಿರುಗಿಸುತ್ತಿರಲಿಲ್ಲ. ಫಾಸ್ಫೀನಿಗೆ ಕೆಟ್ಟ ಬೆಳ್ಳುಳ್ಳಿ ನಾತ. ಅದನ್ನು ತಡೆಯಲು ಅವರು ಬಾಯಲ್ಲಿ ಸದಾ ಒಂದು ಲವಂಗ ಇಟ್ಟುಕೊಳ್ಳುತ್ತಿದ್ದರು. ಬುರುಡೆಗೆ ಏನನ್ನಾದರೂ ಬಿಡುವ ಮೊದಲು ಉಗುರಿನಿಂದ ಗಾಜಿಗೆ ಎರಡು ಸಲ ತಟ್ಟುವುದು ಅವರ ಅಭ್ಯಾಸ. ಟಿಣ್... ಟಿಣ್... ಆಮೇಲೆ ನಲ್ಲಿ.

ನಾನು ಸೇರಿದ ಮೊದಲ ವಾರ ಒಂದು ಅನಾಹುತವಾಯಿತು. ಡ್ರಾಪಿಂಗ್ ಫನೆಲ್, ಅಂದರೆ ಹನಿಹನಿಯಾಗಿ ಬಿಡುವ ಗಾಜಿನ ಲಾಳಿಕೆ, ಅದರ ನಲ್ಲಿಯ ಮೇಲೆ ನನ್ನ ಕೈ. ಬಾಲಯ್ಯಣ್ಣ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು ಮೆಲ್ಲಗೆ "ಚಾಲು" ಅಂದರು.

ತೆಲುಗಿನಲ್ಲಿ ಚಾಲು ಅಂದರೆ ಸಾಕು, ನಿಲ್ಲಿಸು ಅಂತ. ನಮ್ಮ ಕನ್ನಡದಲ್ಲಿ ಚಾಲು ಅಂದರೆ ಶುರು ಮಾಡು. ಪಂಪು ಚಾಲು, ಮೋಟಾರು ಚಾಲು, ಫ್ಯಾನು ಚಾಲು. ನನಗೆ ಎರಡೂ ಭಾಷೆ ಚೆನ್ನಾಗಿ ಬರುತ್ತವೆ, ನಮ್ಮ ಸೀಮೆಯಲ್ಲಿ ಯಾರಿಗೆ ಬರುವುದಿಲ್ಲ? ಆದರೆ ಆ ಗಳಿಗೆಯಲ್ಲಿ ನನ್ನ ಕೈಗೆ ಕನ್ನಡ ಮಾತ್ರ ಬಂತು. ನಲ್ಲಿಯನ್ನು ಪೂರ್ತಿ ತೆರೆದುಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬುರುಡೆಯೆಲ್ಲ ಕಪ್ಪು.

ನಾನು ಅತ್ತೆ. ಬಾಲಯ್ಯಣ್ಣ ಬೈಯಲಿಲ್ಲ. ಸುಮಾರು ಹೊತ್ತು ಆ ಮಸಿಯನ್ನೇ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಮ್ಮ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಒಂದು ಕರಾರು ಮಾಡಿದರು.

"ಇಂಕ ನೀಕು ‘ಸಾಕು’ ಅನೇ ಚೆಪ್ತಾನಮ್ಮಾ. ನಿಲ್ಲಸಬೇಕಂದ್ರ ಸಾಕು. ಚಾಲು ಅಂದ್ರ ನಿನ್ನ ಚಾಲೂನೇ. ಸರೇನಾ?"

ಅಂದಿನಿಂದ ಎರಡು ವರ್ಷ ಆ ಕರಾರು ಅವರು ಒಂದು ಸಲವೂ ಮುರಿಯಲಿಲ್ಲ. ಬೇರೆಯವರಿಗೆ ತೆಲುಗಿನ ಚಾಲು. ನನಗೆ ಮಾತ್ರ ಕನ್ನಡದ ಸಾಕು. ಈ ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾಲಯ್ಯಣ್ಣ ಜ್ವರ ಬಂದು ಗದ್ವಾಲಿನ ತಮ್ಮ ಮನೆಯಲ್ಲಿ ತೀರಿಕೊಂಡರು. ನಾನು ಹೋಗಿ ನೋಡಿ ಬಂದೆ, ಹಣೆಗೆ ಕೈ ಮುಟ್ಟಿಸಿ ಬಂದೆ. ಲ್ಯಾಬಿನಲ್ಲಿದ್ದ ಅವರ ಲವಂಗದ ಡಬ್ಬಿಯನ್ನು ಮಗ ಬಂದು ಒಯ್ದ. ಉಳಿದದ್ದು ಅವರು ಕೂರುತ್ತಿದ್ದ ಸ್ಟೂಲು ಒಂದೇ.

ಅವರ ರಾತ್ರಿ ಪಾಳಿ ಯಾರಿಗೆ ಅನ್ನುವ ಪ್ರಶ್ನೆ ಬಂತು. ನಾನು ಮಾಡುತ್ತೇನೆ ಅಂದೆ. ಎಲ್ಲರೂ ನಕ್ಕರು. ಹೆಣ್ಣುಮಗಳು, ಊರಾಚೆಯ ಶೆಡ್ಡು, ರಾತ್ರಿ... ಹಾಗೆ ನಗಿಸಿಕೊಂಡೇ ಸಾರ್ ಹತ್ತಿರ ಹಟ ಹಿಡಿದು ಮೂರು ತಿಂಗಳ ಮಟ್ಟಿಗೆ ಪಡೆದುಕೊಂಡೆ. ಕೆಲಸ ಕಲಿತದ್ದು ಬಾಲಯ್ಯಣ್ಣನ ಕೈಯಲ್ಲಿ, ಅವರ ಜಾಗ ಬೇರೆಯವರಿಗೆ ಯಾಕೆ ಬಿಡಲಿ?

ಅಷ್ಟರಲ್ಲಿ ಪ್ರತ್ಯೇಕ ತೆಲಂಗಾಣಕ್ಕಾಗಿ ಎಲ್ಲರೂ ಕೆಲಸ ನಿಲ್ಲಿಸಿದ ಆ ದಿನಗಳು ಬಂದವು. ಬಸ್ಸಿಲ್ಲ. ಶಾಲೆ ಇಲ್ಲ. ಕಲ್ಲಿದ್ದಲು ಬರದೆ ಕರೆಂಟು ಯಾವಾಗ ಹೋಗುತ್ತದೋ ಯಾವಾಗ ಬರುತ್ತದೋ ಗೊತ್ತಿಲ್ಲ. ರಸ್ತೆಯ ಮೇಲೆ ಅಡುಗೆ ಮಾಡಿ ರಸ್ತೆಯ ಮೇಲೆಯೇ ಉಣ್ಣುತ್ತಿದ್ದರು ಜನ. ಯಾರಿಗೂ ಬಗ್ಗುವುದಿಲ್ಲ ಅನ್ನುವ ಗಾಳಿ ಊರ ತುಂಬ ಬೀಸುತ್ತಿತ್ತು. ಅದು ನನಗೂ ತಗುಲಿತ್ತು ಅಂತ ಕಾಣುತ್ತದೆ.

ಆ ರಾತ್ರಿ...

ನಾಲ್ಕು ತಿಂಗಳು ಕೂತು ಮಾಡಿದ ಫಾಸ್ಫೀನು ಅದು. ಗಾಳಿಗೆ ಕೆಡದಿರಲೆಂದು ಕೆಂಪು ಹರಳಿನಲ್ಲಿ ಕಟ್ಟಿಟ್ಟಿದ್ದ ಅದನ್ನು ಮಧ್ಯಾಹ್ನವಷ್ಟೇ ಬಿಡಿಸಿ ದ್ರಾವಣ ಮಾಡಿದ್ದೆವು. ಇನ್ನು ಅದು ಕಾಯುವುದಿಲ್ಲ. ಈ ಕೆಲಸಕ್ಕೆ ನನ್ನ ಜೊತೆಗೆ ಬರಬೇಕಿದ್ದವನು ನಾರಾಯಣಪೇಟೆಯಲ್ಲಿ ಬಸ್ಸಿಲ್ಲದೆ ಕೂತಿದ್ದ. ನಾನು ಮಕ್ತಲ್‌ನಲ್ಲೇ ಬಾಡಿಗೆ ಕೋಣೆ ಹಿಡಿದಿದ್ದರಿಂದ ಬಂದಿದ್ದೆ. ಶೆಡ್ಡಿನಲ್ಲಿ ನಾನು, ಹೊರಗೆ ಗೇಟು ಕಾಯುವ ಖಾಜಾ ಮಿಯಾ, ಇಬ್ಬರೇ.

ಎಂಟು ಗಂಟೆಗೆ ಸಾರ್ ಫೋನು ಬಂತು.

"ಮಹಾದೇವಿ, ಬಂದ್ ಐತಿ, ಕರೆಂಟು ಯಾವಾಗ ಹೋಗ್ತೈತೋ ಗೊತ್ತಿಲ್ಲ. ಒಬ್ಬಾಕಿ ಇರಬ್ಯಾಡ. ಎಲ್ಲಾ ಮುಚ್ಚಿ ಮನಿಗೆ ಹೋಗಮ್ಮ."

"ಮುಚ್ಚಿದ್ರ ಬೆಳಗಾಗೋದ್ರಾಗ ಫಾಸ್ಫೀನ್ ಕೆಡ್ತೈತ್ರೀ ಸಾರ್. ನೈಟ್ರೋಜನ್ ಲಾರಿನೂ ಬಂದಿಲ್ಲ. ಇರೋದು ಎರಡೇ ಸಿಲಿಂಡರು."

"ಕೆಟ್ಟರ ಕೆಡಲಿ. ಇಂಥಾ ವ್ಯಾಳ್ಯಾದಾಗ ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿ ಕೊಟ್ಟಿದ್ದ ನನ್ನ ತಪ್ಪು. ನಾಳಿಂದ ನೀ ಹಗಲಿಗೆ ಬಾ, ಪ್ಯಾಕಿಂಗ್ ನೋಡ್ಕೋ."

ನನಗೆ ಸಿಟ್ಟು ನೆತ್ತಿಗೇರಿತು. ಕರೆಂಟು ಹೋಗುವುದು ನನ್ನಿಂದಲೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುತ್ತಾರೆ, ಇಲ್ಲಿ ನಾನು ಕುಣಿಯುತ್ತೇನೆ ಅಂದರೂ ನೆಲವನ್ನೇ ಕಿತ್ತುಕೊಳ್ಳುತ್ತಿದ್ದರು.

"ಸಾರ್, ಬೆಳಿಗ್ಗೆ ಈ ಬ್ಯಾಚು ಹಳದಿ ಆಗಿದ್ರ?" ಅಂದೆ.

ಸಾರ್ ಅಲ್ಲೇ ಪಣ ಕಟ್ಟಿದರು.

"ಹಳದಿ ಆದ್ರ ರಾತ್ರಿ ಪಾಳಿ ನಿಂದೇ. ಕಪ್ಪಾದ್ರ ಮತ್ತ ಮಾತಾಡಬಾರದು."

"ಆಗಲ್ರೀ" ಅಂದು ಫೋನು ಇಟ್ಟೆ. ಒಬ್ಬಳೇ ಅಂಥ ಕೆಲಸಕ್ಕೆ ಕೈ ಹಾಕಿದ್ದು ತಪ್ಪೇ. ಇಂದು ನಾನೇ ಯಾರಿಗೂ ಹಾಗೆ ಮಾಡಲು ಬಿಡುವುದಿಲ್ಲ. ಆದರೆ ಆ ಹೊತ್ತಿಗೆ ಹಂಡೆ ಬಿಟ್ಟು ಏಳಲು ನನ್ನಿಂದ ಆಗಲಿಲ್ಲ.

ಒಂಬತ್ತೂವರೆಗೆ ಕರೆಂಟು ಹೋಯಿತು. ಖಾಜಾ ಮಿಯಾ ಜನರೇಟರ್ ಹಚ್ಚಿದ. ಶೆಡ್ಡಿನ ಗೋಡೆಗೆ ಅಂಟಿಕೊಂಡೇ ಅದರ ಕೋಣೆ. ಧಡ ಧಡ ಧಡ ಅನ್ನುವ ಸದ್ದಿಗೆ ಕಿಟಕಿಯ ಗಾಜೂ ನಡುಗುತ್ತಿತ್ತು. ಅವನು ಬಾಗಿಲಿಗೆ ಬಂದು ಕೂಗಿ ಹೇಳಿದ.

"ಬೇಟೀ, ಡೀಜಲ್ ಮೂರು ಗಂಟಿ ತನಕ ಮಾತ್ರ ಐತಿ. ಆಮ್ಯಾಕ ಅಂಧೇರಾ. ನಾ ಇಲ್ಲೇ ಹೊರಗ ಕುಂತಿರ್ತೀನಿ, ಏನಾರ ಆದ್ರ ಕೂಗು."

ಇದ್ದದ್ದು ಎರಡು ಟ್ಯೂಬ್‌ಲೈಟು. ಒಂದು ಮೇಜಿನ ಮೇಲೆ, ಒಂದು ಬಾಗಿಲ ಹತ್ತಿರ. ಸಿಲಿಂಡರುಗಳು ನಿಂತಿದ್ದ ಮೂಲೆಯಲ್ಲಿ ಕತ್ತಲು.

ಪಲ್ಲಾಡಿಯಂ ಉಪ್ಪನ್ನು ಬಿಸಿ ಮಾಡಿ ಕರಗಿಸಿದೆ. ಕಿತ್ತಳೆ ಬಣ್ಣದ ತಿಳಿ. ಬಿಸಿ ನಿಲ್ಲಿಸಿದೆ. ಫನೆಲ್ಲಿಗೆ ಫಾಸ್ಫೀನ್ ದ್ರಾವಣ ತುಂಬಿದೆ. ಮುಖಕ್ಕೆ ಮಾಸ್ಕ್ ಬಿಗಿದುಕೊಂಡೆ. ಮೇಲೆ ಎಕ್ಸಾಸ್ಟ್ ಫ್ಯಾನು ಜೋರಾಗಿ ತಿರುಗುತ್ತಿತ್ತು. ಹನ್ನೆರಡು ದಾಟಿದ ಮೇಲೆ ನಲ್ಲಿಯನ್ನು ಕೂದಲೆಳೆಯಷ್ಟು ತೆರೆದೆ.

ಒಂದು ಹನಿ... ಎರಡು... ಮೂರು...

ಹನಿ ಬಿದ್ದಲ್ಲೆಲ್ಲ ಹಳದಿ ಮೋಡ ಏಳುತ್ತಿತ್ತು. ಏಳುವುದು, ತಿರುಗುವುದು, ಕರಗುವುದು. ನನ್ನ ಕಣ್ಣು ಅದರ ಮೇಲೆಯೇ.

ಅರ್ಧ ಫನೆಲ್ ಇಳಿದಿರಬೇಕು. ಆಗ ನನ್ನ ಮೂಗಿಗೆ ಒಂದು ವಾಸನೆ ಬಂತು.

ಬೆಳ್ಳುಳ್ಳಿ ವಾಸನೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತ ಹೆದರುತ್ತಿದ್ದೆ. ಇದು ಬೆಳ್ಳುಳ್ಳಿಯಲ್ಲ.

ಲವಂಗ.

ಆಗತಾನೇ ಹಲ್ಲಿನಲ್ಲಿ ಕಚ್ಚಿದ ಲವಂಗ... ಖಾರ, ಸಿಹಿ, ಸ್ವಲ್ಪ ಬಾಯಿಯ ಬಿಸಿಯೂ ಸೇರಿದಂಥ ವಾಸನೆ. ಮಾಸ್ಕಿನ ಒಳಗೇ ಇದ್ದ ಹಾಗೆ.

ನಾನು ಅಲುಗಾಡಲಿಲ್ಲ. ಮಹಾದೇವಿ, ಹನಿ ಎಣಿಸು ಅಂತ ನನಗೆ ನಾನೇ ಹೇಳಿಕೊಂಡೆ. ಎಣಿಸಿದೆ.

ಟಿಣ್... ಟಿಣ್...

ಗಾಜಿನ ಮೇಲೆ ಉಗುರು. ಜನರೇಟರಿನ ಆ ಗದ್ದಲದಲ್ಲಿ ಅಷ್ಟು ಸಣ್ಣ ಸದ್ದು ಕೇಳಲು ಸಾಧ್ಯವೇ ಇಲ್ಲ, ಅದು ನನಗೂ ಗೊತ್ತು. ಆದರೂ ಕೇಳಿತು.

ಆಮೇಲೆ ನನ್ನ ಎಡಭುಜದ ಹಿಂದೆ, ತುಸು ಎತ್ತರದಲ್ಲಿ, ಮೆಲ್ಲಗೆ...

"ಚಾಲು."

ನನ್ನ ಕೈ ತಾನಾಗಿಯೇ ನಲ್ಲಿ ಮುಚ್ಚಿತು. ಮೊದಲ ವಾರದ ಏಟು ಎಷ್ಟು ಆಳಕ್ಕೆ ಹೋಗಿತ್ತೆಂದರೆ, ಆ ದನಿಯಲ್ಲಿ ಆ ಪದ ಕೇಳಿದೊಡನೆ ಕೈ ಈ ಸಲ ತೆಲುಗು ಕೇಳಿಸಿಕೊಂಡಿತು. ಸಾಕು, ನಿಲ್ಲಿಸು.

ಹಿಂದಿರುಗಿ ನೋಡಿದೆ. ಯಾರೂ ಇಲ್ಲ. ಗೋಡೆಗೆ ಒರಗಿದ ಖಾಲಿ ಸ್ಟೂಲು, ಅದರ ನೆರಳು.

"ಯಾರು?" ಅಂದೆ. ದನಿ ನಡುಗಿತು, ಅದಕ್ಕೆ ನನಗೇ ನಾಚಿಕೆಯಾಯಿತು. ಇನ್ನೊಂದು ಸಲ ಗಟ್ಟಿಯಾಗಿ ಕೇಳಿದೆ. "ಯಾರಲೇ ಅದು? ಅಂಜಿದವರ ಮ್ಯಾಲ ಕಪ್ಪಿ ಒಗ್ಯಾಕ ಬಂದೀರೇನು? ನಾ ಅಂಜಾಕಿ ಅಲ್ಲ. ಈ ಬ್ಯಾಚ್ ಮುಗಿಸದ ನಾ ಇಲ್ಲಿಂದ ಏಳಾಕಿ ಅಲ್ಲ."

ಜನರೇಟರ್ ಮಾತ್ರ. ಧಡ ಧಡ ಧಡ.

ನನ್ನನ್ನು ಪಾಳಿಯಿಂದ ಬಿಡಿಸಲು ಯಾರೋ ಆಟ ಹೂಡಿದ್ದಾರೆ ಅನ್ನಿಸಿತು. ನಿಜ ಹೇಳುತ್ತೇನೆ, ಆ ಸಂಶಯದಿಂದ ನನಗೆ ಧೈರ್ಯವೇ ಬಂತು. ಮನುಷ್ಯರಾದರೆ ನನ್ನ ಬಾಯಿಗೆ ಹೆದರಬೇಕು. ಬಾಗಿಲಿಗೆ ಹೋಗಿ ನೋಡಿದೆ. ಒಳಗಿನಿಂದ ಚಿಲಕ ನಾನು ಹಾಕಿದ ಹಾಗೆಯೇ ಇತ್ತು. ಹಿಂದಿನ ಬಾಗಿಲಿಗೆ ಬೀಗ, ಅದರ ಕೀಲಿ ನನ್ನ ಸೊಂಟದಲ್ಲಿ.

ವಾಪಸು ಬಂದು ನಲ್ಲಿಗೆ ಕೈ ಹಾಕಿದೆ.

"ಚಾಲು."

ಈ ಸಲ ಸ್ವಲ್ಪ ಬಿರುಸು. ದಡ್ಡರಿಗೆ ಎರಡನೇ ಸಲ ಹೇಳುವಾಗ ಬಾಲಯ್ಯಣ್ಣನಿಗೆ ಬರುತ್ತಿದ್ದ ಅದೇ ಬೇಸರ, ಅದೇ ಎಳೆತ.

ಆಗ ನನಗೆ ಕರಾರು ನೆನಪಾಯಿತು.

ಬಾಲಯ್ಯಣ್ಣ ನನಗೆ ನಿಲ್ಲಿಸು ಅನ್ನಲು ಚಾಲು ಅನ್ನುವುದಿಲ್ಲ. ಎರಡು ವರ್ಷ ಅಂದಿಲ್ಲ. ನನಗೆ ಚಾಲು ಅಂದರೆ... ಶುರು ಮಾಡು.

ಏನನ್ನು ಶುರು ಮಾಡಲಿ? ಎಲ್ಲವೂ ನಡೆಯುತ್ತಲೇ ಇದೆಯಲ್ಲ? ಬುರುಡೆಯೊಳಗೆ ಕಲಕುವ ಸ್ಟರರ್ ತಿರುಗುತ್ತಿದೆ. ಫ್ಯಾನು ತಿರುಗುತ್ತಿದೆ. ಟಾರ್ಚು ಹಿಡಿದು ಒಂದೊಂದನ್ನೇ ನೋಡುತ್ತ ಬಂದೆ.

ಬಬ್ಲರ್.

ಗುಳ್ಳೆ ಇಲ್ಲ.

ಜನರೇಟರಿನ ಸದ್ದಿನಲ್ಲಿ ಗುಳುಗುಳು ನಿಂತದ್ದು ನನಗೆ ತಿಳಿದೇ ಇರಲಿಲ್ಲ. ನೈಟ್ರೋಜನ್ ಮುಗಿದಿತ್ತು. ಬುರುಡೆ ಆರುತ್ತ ಆರುತ್ತ ಉಸಿರು ಒಳಗೆಳೆದುಕೊಳ್ಳುತ್ತಿತ್ತು, ಎಣ್ಣೆ ನಳಿಗೆಯಲ್ಲಿ ಮೇಲೇರುತ್ತಿತ್ತು... ಬೆರಳಿನಷ್ಟು... ನಾನು ನೋಡುತ್ತಿರುವಾಗಲೇ ಇನ್ನೂ ಸ್ವಲ್ಪ... ಎಣ್ಣೆಯ ಹಿಂದೆ ಗಾಳಿ. ಇನ್ನು ಐದು ನಿಮಿಷ ಬಿಟ್ಟಿದ್ದರೆ ನಾಲ್ಕು ತಿಂಗಳ ಕೆಲಸಕ್ಕೆ ಗಾಳಿ ನುಗ್ಗುತ್ತಿತ್ತು.

ಕತ್ತಲ ಮೂಲೆಗೆ ಓಡಿದೆ. ಮೊದಲ ಸಿಲಿಂಡರಿನ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು. ಕೆಲಸ ಶುರು ಮಾಡುವ ಮೊದಲೇ ಅದನ್ನು ನೋಡಬೇಕಿತ್ತು. ಸಾರ್ ಜೊತೆ ಜಗಳದಲ್ಲಿ ನೋಡಲಿಲ್ಲ. ತಪ್ಪು ನನ್ನದೇ, ಬೇರೆ ಯಾರದ್ದೂ ಅಲ್ಲ. ಮೊಳೆಗೆ ನೇತುಹಾಕಿದ್ದ ವಾಲ್ವಿನ ಕೀಲಿಯನ್ನು ತೆಗೆದು, ಅದೇ ಕೊಳವೆಗೆ ಜೋಡಿಸಿಟ್ಟಿದ್ದ ಎರಡನೇ ಸಿಲಿಂಡರಿಗೆ ಹಾಕಿದೆ. ಬಿಗಿಯಾಗಿತ್ತು. ಎರಡೂ ಕೈ ಹಾಕಿ, ಹಲ್ಲು ಕಚ್ಚಿ ತಿರುಗಿಸಿದೆ.

ಹಿಸ್ಸ್...

ಮೇಜಿಗೆ ಓಡಿ ಬಂದೆ. ನಳಿಗೆಯ ಎಣ್ಣೆ ನಡುಗಿತು, ಇಳಿಯಿತು. ಒಂದು ಗುಳ್ಳೆ. ಇನ್ನೊಂದು. ಆಮೇಲೆ ಸಾಲಾಗಿ.

ಮೇಜು ಹಿಡಿದುಕೊಂಡು ನಿಂತೆ. ಕಣ್ಣಲ್ಲಿ ನೀರು ತಾನಾಗಿಯೇ ಬರುತ್ತಿತ್ತು, ಅದನ್ನು ಒರೆಸಲು ಕೈಗವಸು ಬಿಚ್ಚಬೇಕು, ಬಿಚ್ಚಲಿಲ್ಲ. ಲವಂಗದ ವಾಸನೆ ಹೋಗಿರಲಿಲ್ಲ.

ಮತ್ತೆ ನಲ್ಲಿ ತೆರೆದೆ. ಹನಿ... ಹನಿ... ಹಳದಿ ಈಗ ಕರಗದೆ ನಿಲ್ಲತೊಡಗಿತ್ತು, ಪುಡಿಯಾಗಿ ಕೆಳಗೆ ಇಳಿಯತೊಡಗಿತ್ತು. ಎರಡೂವರೆ ಆಗಿತ್ತು. ಫನೆಲ್ಲಿನ ತಳದಲ್ಲಿ ಒಂದು ಬೆರಳಿನ ದಪ್ಪ ದ್ರಾವಣ ಉಳಿದಿತ್ತು.

"ಸಾಕು."

ಕಿವಿಯ ಪಕ್ಕದಲ್ಲೇ. ಕನ್ನಡದಲ್ಲಿ. ಬಾಲಯ್ಯಣ್ಣನ ಸಾಕು, ಆ ‘ಸ’ವನ್ನು ಸ್ವಲ್ಪ ಒತ್ತಿ ಹೇಳುವ ಸಾಕು. ಅದು ನನಗೆಂದೇ ಇಟ್ಟ ಮಾತು. ಇನ್ನು ಸಂಶಯ ಪಡಲು ಜಾಗವೇ ಇರಲಿಲ್ಲ.

ಆದರೂ ನಲ್ಲಿಯನ್ನು ಮುಚ್ಚಲಿಲ್ಲ. ಯಾಕೆಂದರೆ ನನ್ನ ಲೆಕ್ಕ ನನಗೆ ಗೊತ್ತಿತ್ತು. ಒಂದಕ್ಕೆ ಎರಡು. ತಳದಲ್ಲಿ ಉಳಿದಷ್ಟೂ ಬೇಕೇ ಬೇಕು. ಇಲ್ಲಿ ನಿಲ್ಲಿಸಿದರೆ ಅರ್ಧ ಅಂಗಿ ತೊಟ್ಟ ಪಲ್ಲಾಡಿಯಂ ಉಳಿಯುತ್ತದೆ, ನಾಳೆ ಅದು ಕಪ್ಪಾಗುತ್ತದೆ.

ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ ಏನು ಕಾಣುತ್ತಿತ್ತೋ, ಆ ಯೋಚನೆ ಇಂದಿಗೂ ಬೇಡ.

"ಇಲ್ಲಣ್ಣಾ" ಅಂದೆ. ಈ ಸಲ ದನಿ ನಡುಗಲಿಲ್ಲ. "ಸಿಲಿಂಡರಿಂದು ನೀವು ಹೇಳಿದ್ದು ಖರೇ. ಅದು ನನ್ನ ತಪ್ಪು. ಆದ್ರ ಈ ಲೆಕ್ಕ ನಾ ಮೂರು ಸಲ ಹಾಕೀನಿ. ಸಾಕಾಗಿಲ್ಲ. ಪೂರಾ ಬಿಡ್ತೀನಿ."

ಬಿಟ್ಟೆ. ಕೊನೆಯ ಹನಿಯ ತನಕ ಬಿಟ್ಟೆ.

ನನ್ನ ಹಿಂದೆ ಯಾರೋ ಉದ್ದಕ್ಕೆ ಉಸಿರು ಬಿಟ್ಟಂತಾಯಿತು. ಲವಂಗದ ವಾಸನೆ ಒಂದೇ ಸಲಕ್ಕೆ ಇಲ್ಲವಾಯಿತು.

ಮೂರಕ್ಕೆ ಜನರೇಟರ್ ನಿಂತಿತು. ಕತ್ತಲು. ಆ ನಿಶ್ಶಬ್ದದಲ್ಲಿ ಬಬ್ಲರಿನ ಗುಳುಗುಳು ಒಂದೇ. ಟಾರ್ಚನ್ನು ಬುರುಡೆಯ ಮೇಲೆ ಇಟ್ಟುಕೊಂಡು ಬೆಳಗಿನ ತನಕ ಕೂತೆ. ಯಾವ ಹೊತ್ತಿಗಾದರೂ ಕಪ್ಪಾಗಬಹುದು ಅಂತ ನೋಡುತ್ತಲೇ ಇದ್ದೆ. ಆಗಲಿಲ್ಲ.

ಖಾಜಾ ಮಿಯಾ ಬಾಗಿಲು ತಟ್ಟಿದಾಗ ಆಕಾಶ ಬೆಳ್ಳಗಾಗಿತ್ತು. ಚಹಾದ ಲೋಟ ಕೈಗಿಟ್ಟು ನನ್ನ ಮುಖ ನೋಡಿದ.

"ರಾತ್ರಿ ಯಾರ ಜೋಡಿ ಜಗಳ ಮಾಡಾಕತ್ತಿದ್ದಿ ಬೇಟೀ?"

"ನಿನಗ ಕೇಳಿತೇನ್ ಚಾಚಾ?"

"ಡೀಜಲ್ ನೋಡಾಕ ಕಿಡಕಿ ತಾವ ಬಂದಿದ್ದೆ. ನಿಂದೊಂದೇ ಆವಾಜ್ ಕೇಳಿತು. ಅಣ್ಣಾ ಅಂದಿ. ಅಣ್ಣ ಯಾರು?"

ನಾನು ಚಹಾ ಮುಗಿಸಿ ಲೋಟ ವಾಪಸು ಕೊಟ್ಟೆ. ಅವನು ಹೋಗುವಾಗ ಗೋಡೆಯ ಕಡೆಯ ಸ್ಟೂಲನ್ನು ಒಂದು ಸಲ ನೋಡಿ ಹೋದ.

ಹತ್ತು ಗಂಟೆಗೆ ಯಾರದೋ ಮೋಟಾರ್‌ಸೈಕಲ್ ಹಿಂದೆ ಕೂತು ಸಾರ್ ಬಂದರು. ಬುರುಡೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅಪ್ಪಟ ಅರಿಸಿನ. ಆಮೇಲೆ ಪರೀಕ್ಷೆ ಮಾಡಿಸಿದರೂ ಒಂದು ಚೂರು ಕಲ್ಮಷ ಸಿಗಲಿಲ್ಲ.

"ಪಾಳಿ ನಿಂದೇ" ಅಂದರು. "ಆದ್ರ ಇನ್ನ ಮ್ಯಾಲ ರಾತ್ರಿ ಒಬ್ಬಾಕಿ ಅಲ್ಲ, ಇಬ್ಬರು ಇರಬೇಕು."

ಅದಕ್ಕೆ ನಾನು ಒಪ್ಪಿದೆ.

ಈ ಕಥೆ ಕೇಳಿದ ಬುದ್ಧಿವಂತರು ಬಹಳ ವಿವರಣೆ ಕೊಟ್ಟಿದ್ದಾರೆ. ಗುಳುಗುಳು ನಿಂತದ್ದನ್ನು ನಿನ್ನ ಕಿವಿ ಗಮನಿಸಿತು, ಮನಸ್ಸು ಅದನ್ನು ಬಾಲಯ್ಯನ ದನಿಯಲ್ಲಿ ಹೇಳಿತು ಅಂತ ಒಬ್ಬರು. ಸರಿ ಸ್ವಾಮಿ, ಜನರೇಟರ್ ಪಕ್ಕದಲ್ಲಿ ನಿಂತು ನೀವೇ ಆ ಬಬ್ಲರ್ ಕೇಳಿಸಿಕೊಳ್ಳಿ, ಆಮೇಲೆ ಮಾತಾಡೋಣ. ವಾಸನೆ ತಲೆಗೆ ಹತ್ತಿತ್ತು ಅಂತ ಇನ್ನೊಬ್ಬರು. ತಲೆಗೆ ಹತ್ತಿದವಳು ಹನಿ ಲೆಕ್ಕ ತಪ್ಪದೆ ಬಿಟ್ಟಳೇ? ಬಾಲಯ್ಯನ ಆತ್ಮ ನಿನ್ನನ್ನು ಕಾಯುತ್ತಿದೆ, ಪೂಜೆ ಮಾಡಿಸು ಅಂತ ಮತ್ತೊಬ್ಬರು. ಅವರ ಮಾತಿಗೂ ನಾನು ಕಿವಿ ಕೊಟ್ಟಿಲ್ಲ.

ನನಗೆ ಚುಚ್ಚುವುದು ಬೇರೆ. ಚಾಲು ಸರಿಯಾಗಿತ್ತು. ಹಾಗಾದರೆ ಸಾಕು ಯಾಕೆ ತಪ್ಪಾಯಿತು? ಬಾಲಯ್ಯಣ್ಣ ಹನಿಯ ವಿಷಯದಲ್ಲಿ ತಪ್ಪಿದವರಲ್ಲ. ಅವರು ಹೇಳಿದ್ದು ಹನಿಗಲ್ಲವೇನೋ. ಈ ರಾತ್ರಿಗಳು ಸಾಕು, ಮನೆಗೆ ಹೋಗು ಅಂದರೋ? ನಿನಗೆ ಕಲಿಸಿದ್ದು ಸಾಕು ಅಂದರೋ? ಇಲ್ಲಾ... ಮೊದಲನೆಯ ದನಿ, ಎರಡನೆಯ ದನಿ ಒಬ್ಬರದ್ದೇ ಅಲ್ಲವೋ? ಈ ಕೊನೆಯ ಪ್ರಶ್ನೆ ಬಂದಾಗ ನಾನು ಎದ್ದು ದೀಪ ಹಾಕುತ್ತೇನೆ.

ರಾಜ್ಯ ಬಂತು. ಕರೆಂಟೂ ಬಂತು. ಇಂದು ನಮ್ಮ ಶೆಡ್ಡಿನಲ್ಲಿ ರಾತ್ರಿ ಪಾಳಿಗೆ ಇಬ್ಬರೂ ಹೆಣ್ಣುಮಕ್ಕಳೇ, ನಾನು ಮತ್ತು ಗದ್ವಾಲಿನ ಲಕ್ಷ್ಮಿ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಎರಡು ಮಕ್ಕಳ ತಾಯಿ. ಅವಳಿಗೆ ತೆಲುಗು ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ, ಕನ್ನಡ ಒಂದಕ್ಷರವೂ ಇಲ್ಲ. ಅವಳ ಜೊತೆ ನಾನು ತೆಲುಗಿನಲ್ಲೇ ಮಾತಾಡುತ್ತೇನೆ. ಆ ರಾತ್ರಿಯ ಸುದ್ದಿಯನ್ನು ಅವಳಿಗೆ ಹೇಳಿಲ್ಲ. ಅವಳು ಪಾಳಿ ಬಿಟ್ಟು ಹೋದಾಳು ಅನ್ನುವ ಭಯ, ಮತ್ತೇನಿಲ್ಲ.

ಹೋದ ತಿಂಗಳು ಅದೇ ಕೆಲಸ ಮತ್ತೆ ಬಂತು. ಅದೇ ಫಾಸ್ಫೀನು, ಅದೇ ಪಲ್ಲಾಡಿಯಂ. ನಲ್ಲಿಯ ಮೇಲೆ ಲಕ್ಷ್ಮಿಯ ಕೈ. ನಾನು ದೂರದ ಮೂಲೆಯಲ್ಲಿ ಸಿಲಿಂಡರಿನ ಮುಳ್ಳು ನೋಡುತ್ತಿದ್ದೆ, ಆ ರಾತ್ರಿಯ ಮೇಲೆ ಅದನ್ನು ಗಂಟೆಗೊಮ್ಮೆ ನೋಡುತ್ತೇನೆ. ಫನೆಲ್ಲಿನ ತಳದಲ್ಲಿ ಒಂದು ಬೆರಳಿನ ದಪ್ಪ ದ್ರಾವಣ ಉಳಿದಿತ್ತು.

ಲಕ್ಷ್ಮಿ ತಲೆ ಎತ್ತದೆ ಕೇಳಿದಳು.

"ಮಹಾದೇವೀ, ‘ಸಾಕು’ ಅಂಟೇ ಏಮಿಟೇ?"

‘ಸಾಕು’ ಅಂದರೆ ಏನು ಅಂತ. ನಾನು ಬಾಯಿ ತೆರೆದಿರಲಿಲ್ಲ.

ಮೇಜಿನ ಹತ್ತಿರ ಬಂದೆ. ಗುಳ್ಳೆ ಸರಿಯಾಗಿ ಬರುತ್ತಿತ್ತು. ಮುಳ್ಳೂ ಸರಿಯಾಗಿತ್ತು. ಲವಂಗದ ವಾಸನೆ... ಇತ್ತೋ ಇಲ್ಲವೋ ಅಂತ ಮೂಗೆಳೆದು ನೋಡಲು ನನಗೆ ಮನಸ್ಸಾಗಲಿಲ್ಲ.

"ಸಾಕು ಅಂದರೆ ಚಾಲು" ಅಂತ ತೆಲುಗಿನಲ್ಲಿ ಹೇಳಿದೆ. ಅವಳ ಕೈ ಕೂಡಲೇ ನಲ್ಲಿ ಮುಚ್ಚಲು ತಿರುಗಿತು. ಆ ಕೈಯನ್ನು ನನ್ನ ಕೈಯಿಂದ ಗಟ್ಟಿಯಾಗಿ ಹಿಡಿದೆ.

"ಮುಚ್ಚಬೇಡ ಲಕ್ಷ್ಮೀ. ಯಾರು ಹೇಳಿದರೂ ಮುಚ್ಚಬೇಡ. ನಿನ್ನ ಲೆಕ್ಕ ಮುಗಿಯುವ ತನಕ ಬಿಡು."

ಯಾರು ಹೇಳಿದರು ಅಂತ ಅವಳು ಕೇಳಲಿಲ್ಲ. ನಾವಿಬ್ಬರೂ ಹಿಂದಿರುಗಿ ನೋಡದೆ, ಕೊನೆಯ ಹನಿಯ ತನಕ ಬಿಟ್ಟೆವು.